ಮುಳಗುಂದ ನಾಕಾ ಹತ್ತಿರ ಬೈಕಿಗೆ ಎಲ್‌ಇಡಿ ಹಾಕಿಸಿದ್ದು

ರಾತ್ರಿ ಗದಗದಿಂದ ಲಕ್ಷ್ಮೇಶ್ವರಕ್ಕೆ ಹೋಗುವಾಗ ನನ್ನ ಹಳೇ ಬೈಕಿನ ಇಂಡಿಕೇಟರ್ ಯಾರಿಗೂ ಕಾಣುತ್ತಿರಲಿಲ್ಲ. ಲಾರಿಯವರು ಮೈಮೇಲೆ ಬಂದ ಮೇಲೆಯೇ ಹಾರ್ನ್ ಹೊಡೆಯುತ್ತಿದ್ದರು. ಕೊನೆಗೆ ಮುಳಗುಂದ ನಾಕಾ ಹತ್ತಿರದ ಸಣ್ಣ ಅಂಗಡಿಯೊಂದರಲ್ಲಿ ನಾಲ್ಕೂ ಇಂಡಿಕೇಟರಿಗೆ ಎಲ್‌ಇಡಿ ಹಾಕಿಸಿದೆ. ಕೂಲಿ ಸೇರಿ 650 ರೂಪಾಯಿ.

ಹುಡುಗನ ಕೈಕೆಲಸ ಚೆಂದ. ಮೂಲ ವೈರ್ ಎಲ್ಲೂ ಕತ್ತರಿಸಲಿಲ್ಲ, ಜೋಡಿಸಿದ ಕಡೆಗೆಲ್ಲಾ ಸ್ಲೀವ್ (ವೈರ್ ಮುಚ್ಚುವ ಕೊಳವೆ) ಹಾಕಿದ. ಆದರೆ ಮನೆ ಮುಟ್ಟುವಷ್ಟರಲ್ಲಿ ಇಂಡಿಕೇಟರ್ ಜಾತ್ರೆಯ ಲೈಟಿನ ಸರದ ಹಾಗೆ ಪಟಪಟ ಮಿಣುಕತೊಡಗಿತು. ಮರುದಿನ ಹೋದೆ. "ಬಲ್ಬ್ ಹೊಸಾದು, ಫ್ಲಾಶರ್ ಹಳೇದೈತ್ರಿ ಸರ" ಎಂದ. ಫ್ಲಾಶರ್ ಅಂದರೆ ಇಂಡಿಕೇಟರನ್ನು ಮಿಣುಕಿಸುವ ಸಣ್ಣ ಡಬ್ಬಿ. ಹಳೇ ಬಲ್ಬ್ 10 ವ್ಯಾಟ್, ಎಲ್‌ಇಡಿ ಒಂದೆರಡು ವ್ಯಾಟ್ ಅಷ್ಟೇ. ಕರೆಂಟ್ ಕಡಿಮೆ ಹರಿದರೆ, ಯಾವುದೋ ಬಲ್ಬ್ ಸುಟ್ಟಿದೆ ಅನ್ನುವಂತೆ ಹಳೇ ಫ್ಲಾಶರ್ ಅವಸರ ಮಾಡುತ್ತದೆ. ಇದನ್ನು ಮೊದಲೇ ಹೇಳಬಹುದಿತ್ತು, ಅಲ್ವಾ? ಎಲ್‌ಇಡಿ ಫ್ಲಾಶರ್‌ಗೆ ಮತ್ತೆ 150 ತಗೊಂಡ. ಚಹಾ ಮಾತ್ರ ತಾನೇ ಕುಡಿಸಿದ.

ಈಗ ಮೂರು ತಿಂಗಳಾಯಿತು, ಮಳೆಗೂ ಒಳಗೆ ನೀರು ಇಳಿದಿಲ್ಲ. ಹೆಡ್‌ಲೈಟಿಗೂ ಬಿಳಿ ಎಲ್‌ಇಡಿ ಹಾಕು ಅಂದಿದ್ದೆ. "ಬ್ಯಾಡ್ರಿ ಸರ, ಎದುರಿನವರ ಕಣ್ಣಿಗೆ ಹೊಡೀತೈತಿ" ಎಂದು ಬಂದ ವ್ಯಾಪಾರ ಬಿಟ್ಟ. ಐದರಲ್ಲಿ ನಾಲ್ಕು ಸ್ಟಾರ್. ಸಂಜೆ ಹೋದರೆ ಮಾತ್ರ ಸುಮ್ನೆ ತಾಸುಗಟ್ಟಲೆ ಕಾಯಬೇಕು.