ದಾಸವಾಳ ಕೊಡುವ ಮೊದಲು ನೀರು ಯಾವುದು ಅಂತ ಕೇಳುವ ನರ್ಸರಿ

ವಿಜಯಪುರದ ಬಿಸಿಲಿಗೆ ದಾಸವಾಳ ನಿಲ್ಲುವುದಿಲ್ಲ ಅಂತ ನಾನೂ ಎರಡು ವರ್ಷ ಹೇಳಿಕೊಂಡು ತಿರುಗಿದೆ. ಈಗ ಹೇಳುವುದಿಲ್ಲ. ಮೂರು ಗಿಡ ಕಳೆದುಕೊಂಡ ಮೇಲೆ ಸೋಲಾಪುರ ರಸ್ತೆ ಕಡೆ ಇರುವ ಈ ನರ್ಸರಿಗೆ ಬಂದೆ. ಇಲ್ಲಿಂದ ಒಯ್ದ ನಾಲ್ಕೂ ಗಿಡ ಈ ಬೇಸಿಗೆ ದಾಟಿವೆ.

ಮೊದಲಿನ ಮೂರನ್ನು ಬೇರೆ ಕಡೆ ಕೊಂಡಿದ್ದೆ, ಸಿದ್ಧೇಶ್ವರ ಜಾತ್ರೆ ಮುಗಿದ ವಾರ. ಹೈಬ್ರಿಡ್ ಗಿಡ, ಅಂಗೈ ಅಗಲದ ಹಳದಿ ಹೂವು, ನಡುವೆ ಕಡುಗೆಂಪು, ಬಿಟ್ಟು ಬರಲು ಮನಸ್ಸೇ ಆಗಲಿಲ್ಲ. ಒಂದಕ್ಕೆ 250 ರೂಪಾಯಿ ಕೊಟ್ಟೆ. ಏಪ್ರಿಲ್ ಹೊತ್ತಿಗೆ ದಿನಾ ನೀರು ಹಾಕಿದರೂ ಎಲೆ ಜೋತು ಬೀಳುತ್ತಿತ್ತು, ಮೊಗ್ಗು ಹಳದಿಯಾಗಿ ಉದುರುತ್ತಿತ್ತು. ಒಣಗಿದ ಗಿಡ ಕಿತ್ತಾಗ ಕಾರಣ ಕಂಡಿತು. ಬೇರಿನ ಸುತ್ತ ಬರೀ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಅದು ಒಣಗಿ ಇಟ್ಟಿಗೆ ಥರ ಗಟ್ಟಿಯಾಗಿತ್ತು. ನಾನು ಹಾಕಿದ ನೀರೆಲ್ಲ ಅಂಚಿನಿಂದ ಇಳಿದು ಹೋಗಿತ್ತು, ಒಳಗಿನ ಬೇರು ಪುಡಿಪುಡಿ. ಮಾರುವಾಗಲೇ ಈ ಒಂದು ಮಾತು ಹೇಳಿದ್ದರೆ ಸಾಕಿತ್ತು ಅಲ್ವಾ?

ಈ ನರ್ಸರಿಯ ಮಾಲೀಕರು ಗಿಡ ತೋರಿಸುವ ಮೊದಲೇ "ಬೋರ್ ನೀರಾ, ನಳದ ನೀರಾ? ನೆಲಕ್ಕೆ ಹಚ್ಚುತ್ತೀರಾ, ಕುಂಡಕ್ಕಾ?" ಅಂತ ಕೇಳಿದರು. ಬೋರ್ ನೀರು, ಎರೆ ಮಣ್ಣು ಅಂದೆ. ಹಾಗಾದರೆ ನೆಲಕ್ಕೆ ಬೇಡ ಅಂದರು. ನಮ್ಮ ಎರೆ ಮಣ್ಣಲ್ಲಿ ಸುಣ್ಣ ಜಾಸ್ತಿ, ಗಡಸು ನೀರು ಸೇರಿದರೆ ಇನ್ನೂ ಜಾಸ್ತಿ. ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ಆಗ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ನಾನು ಅದನ್ನೇ ಗೊಬ್ಬರ ಕಡಿಮೆ ಅಂದುಕೊಂಡು ಸುಮ್ನೆ ಯೂರಿಯಾ ಹಾಕುತ್ತಿದ್ದೆ. ಚೀಲೇಟೆಡ್ ಐರನ್ (ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ) ಲೀಟರಿಗೆ ಒಂದು ಗ್ರಾಂ ಕಲಸಿ ಸಂಜೆ ಎಲೆಗೆ ಸಿಂಪಡಿಸಿ, ಮಳೆ ನೀರು ಸಿಕ್ಕರೆ ಹಿಡಿದಿಡಿ ಅಂದರು.

ಕುಂಡಕ್ಕೆ ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಕೊಳೆತ ಸಗಣಿ ಗೊಬ್ಬರ, ಒಂದು ಪಾಲು ಮರಳು. ಅವರೇ ಕಲಸಿ ಕೊಡುತ್ತಾರೆ, ದುಡ್ಡು ಬೇರೆ. ಕೇಳಿದರೆ ಪ್ಲಾಸ್ಟಿಕ್ ಚೀಲ ಸರಿಸಿ ಬೇರೂ ತೋರಿಸುತ್ತಾರೆ. ಬಿಳಿ ಬೇರು ಮಣ್ಣನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದನ್ನು ಕಣ್ಣಾರೆ ನೋಡಿ ತಂದೆ.

ನನ್ನ ಸಲಹೆ, ಮೊದಲ ಸಲ ಬೆಳೆಸುವವರು ಐದು ಎಸಳಿನ ನಾಟಿ ಕೆಂಪು ದಾಸವಾಳವನ್ನೇ ಒಯ್ಯಿರಿ. ಇಲ್ಲಿ 60 ರೂಪಾಯಿ. ಹೂವು ಒಂದೇ ದಿನ ಇರುತ್ತದೆ ನಿಜ, ಆದರೆ ಗಣಪತಿ ಪೂಜೆಗೆ ಈಗ ಪೇಟೆಗೆ ಹೋಗುವುದು ತಪ್ಪಿದೆ. ದಿನಕ್ಕೆ ಐದಾರು ತಾಸು ಬಿಸಿಲು ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಮಧ್ಯಾಹ್ನದ ಮೇಲೆ ನೆರಳು ಸಿಗುವ ಕಡೆ ಕುಂಡ ಸರಿಸಿದೆ. ಇನ್ನೊಂದು, ಕತ್ತರಿಸಲು ಹೆದರಬೇಡಿ. ಹೊಸ ಚಿಗುರಿನಲ್ಲೇ ಮೊಗ್ಗು ಬರುವುದು. ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಮೇಲೆ ಮೂರನೇ ಒಂದು ಭಾಗ ಕತ್ತರಿಸಿದೆ. ಪೆನ್ಸಿಲ್ ದಪ್ಪದ ಆ ಕಡ್ಡಿಗಳನ್ನು ಮರಳಿಗೆ ಚುಚ್ಚಿದೆ, ಆರರಲ್ಲಿ ನಾಲ್ಕು ಚಿಗುರಿವೆ.

ಕೊರತೆಯೂ ಹೇಳಬೇಕು. ತಂದ ನಾಲ್ಕರಲ್ಲಿ ಒಂದರ ಮೊಗ್ಗಿನ ತೊಟ್ಟಿಗೆ ಹತ್ತಿಯ ಚೂರು ಅಂಟಿದಂತೆ ಹಿಟ್ಟು ತಿಗಣೆ ಇತ್ತು, ಸಾಲಾಗಿ ಇರುವೆಗಳು ಹತ್ತುತ್ತಿದ್ದವು. ಮನೆಗೆ ಬಂದ ಮೇಲೆ ನೋಡಿದ್ದು, ಕೊಡುವಾಗ ಅವರೇ ನೋಡಬೇಕಿತ್ತು. ಫೋನ್ ಮಾಡಿದೆ. ಬದಲಿಸಿ ಕೊಡುತ್ತೇನೆ, ಇಲ್ಲವಾದರೆ ಜೋರಾಗಿ ನೀರು ಹೊಡೆದು, ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪು ಕಲಸಿ ವಾರಕ್ಕೊಮ್ಮೆ ಸಿಂಪಡಿಸಿ ಅಂದರು. ಮೂರು ವಾರಕ್ಕೆ ಹೋಯಿತು. ಇರುವೆ ಹತ್ತಲು ಬಿಟ್ಟರೆ ತಿಗಣೆ ಮತ್ತೆ ಬರುತ್ತದೆ, ಅದಕ್ಕೆ ಕುಂಡವನ್ನು ನೀರು ತುಂಬಿದ ತಟ್ಟೆಯ ನಡುವೆ ಎರಡು ಇಟ್ಟಿಗೆ ಇಟ್ಟು ಅದರ ಮೇಲಿಟ್ಟಿದ್ದೇನೆ.

ಬೆಲೆ ಬರೆದು ಹಾಕಿಲ್ಲ, ಪ್ರತಿಯೊಂದಕ್ಕೂ ಕೇಳಬೇಕು. ಭಾನುವಾರ ಹೋಗಬೇಡಿ, ಗದ್ದಲದಲ್ಲಿ ಮಾಲೀಕರ ಜೊತೆ ಎರಡು ಮಾತೂ ಆಡಲು ಆಗುವುದಿಲ್ಲ. ವಾರದ ದಿನ ಬೆಳಿಗ್ಗೆ ಹೋಗಿ, ಜೊತೆಗೆ ನಿಮ್ಮ ಗಿಡದ ಹಳದಿ ಎಲೆ ಒಂದನ್ನು ಕಿತ್ತು ಒಯ್ಯಿರಿ.