ಡ್ರೋನ್ ತಡೆಯುವ ಪ್ರಾಜೆಕ್ಟ್: ಜಾಮರ್ ಮಾಡಬೇಕಾ, ಸದ್ದು ಹಿಡಿಯುವ ಯಂತ್ರವಾ?

ಬೀದರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ನನ್ನ ತಮ್ಮ ಈ ಪ್ರಶ್ನೆ ಕೇಳಿದ. ನಿಮಗೂ ಇದೇ ಗೊಂದಲ ಇದ್ದರೆ ಓದಿ.

ಜಾಮರ್ ಕೆಲಸ ಸರಳ. ಡ್ರೋನ್ ಮತ್ತು ಅದನ್ನು ಹಾರಿಸುವವನ ನಡುವಿನ ರೇಡಿಯೋ ಸಂಪರ್ಕವನ್ನು ಕೆಡಿಸುತ್ತದೆ. ಆದರೆ ತಾನೇ ಗುರಿ ಹುಡುಕುವ ಡ್ರೋನ್‌ಗೆ ಆ ಸಂಪರ್ಕವೇ ಬೇಕಿಲ್ಲ. ಕ್ಯಾಮೆರಾ ನೋಡುತ್ತದೆ, ಒಳಗಿನ ಚಿಪ್ ತೀರ್ಮಾನಿಸುತ್ತದೆ. ನನಗೆ ಭಯ ಇರುವುದೇ ಇಲ್ಲಿ. ಹೆಗಲ ಮೇಲೆ ಸಲಿಕೆ ಇಟ್ಟುಕೊಂಡು ತೊಗರಿ ಹೊಲಕ್ಕೆ ಹೊರಟವನನ್ನು ಅದು ಬಂದೂಕಿನವನು ಅಂದುಕೊಂಡರೆ, ‘ತಡಿ’ ಅನ್ನಲು ಯಾರೂ ಇರುವುದಿಲ್ಲ. ಇನ್ನೊಂದು ಮಾತು: ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಜಾಮರ್ ಬಳಸುವಂತಿಲ್ಲ. ಸುಮ್ನೆ ತೊಂದರೆ.

ಸದ್ದು ಹಿಡಿಯುವ ದಾರಿ ಬೇರೆ. ಬೀದರಿನಲ್ಲಿ ಮಾಳಿಗೆ ಮೇಲೆ ನಿಂತರೆ ವಾಯುಪಡೆಯ ತರಬೇತಿ ವಿಮಾನ ಎಷ್ಟೋ ಸಲ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ, ಅಲ್ವಾ? ಇದೂ ಹಾಗೇ. ಒಳಗಿನ ಚಿಪ್ ಎಷ್ಟೇ ಜಾಣ ಆಗಿರಲಿ, ರೆಕ್ಕೆ ತಿರುಗಿದರೆ ಸದ್ದು ಬಂದೇ ಬರುತ್ತದೆ. ಉಕ್ರೇನ್ ಕಂಬಗಳ ಮೇಲೆ ಸಾವಿರಾರು ಮೈಕ್ ಕೂರಿಸಿ ಡ್ರೋನ್ ಬರುವ ದಾರಿ ಗುರುತಿಸುತ್ತಿದೆ. ಗಾಳಿ, ಟ್ರ್ಯಾಕ್ಟರ್ ಗದ್ದಲ ಜಾಸ್ತಿ ಇದ್ದರೆ ಎಡವುತ್ತದೆ. ಅದು ಎಚ್ಚರಿಸುತ್ತದೆ ಅಷ್ಟೇ, ತಡೆಯಲು ಬಲೆಯೋ ಬಂದೂಕೋ ಬೇಕು.

ನಾನು ತಮ್ಮನಿಗೆ ಮೈಕ್ ದಾರಿಯನ್ನೇ ಹೇಳಿದೆ. ವರದಿಯಲ್ಲಿ ಕಾನೂನಿನ ಬಗ್ಗೆಯೂ ಒಂದು ಪುಟ ಬರೆ ಅಂದೆ. 2023ರ ಡಿಸೆಂಬರ್‌ನಲ್ಲಿ ತಾನೇ ಗುರಿ ಹುಡುಕಿ ಹೊಡೆಯುವ ಆಯುಧಗಳ ಕುರಿತ ವಿಶ್ವಸಂಸ್ಥೆಯ ನಿರ್ಣಯಕ್ಕೆ 152 ದೇಶಗಳು ಪರವಾಗಿ ಮತ ಹಾಕಿದವು. ವಿರೋಧಿಸಿದ 4 ದೇಶಗಳಲ್ಲಿ ನಮ್ಮದೂ ಒಂದು.