ಪಾಪ್-ಅಪ್ ಸ್ಯಾಟಲೈಟ್ ಟ್ಯಾಗ್: ಮಲ್ಪೆ ಕಡಲಿಗೆ ಹೊಂದುತ್ತದೆಯೇ?

ಬೂತಾಯಿ, ಬಂಗುಡೆ ಹಿಂಡಿನ ಬೆನ್ನಟ್ಟುವ ದೊಡ್ಡ ಕೇದರ (ಟ್ಯೂನಾ ಮೀನು) ಎಷ್ಟು ಆಳಕ್ಕೆ ಧುಮುಕುತ್ತದೆ ಎಂದು ತಿಳಿಯಲು ಮೀನಿನ ಬೆನ್ನಿಗೆ ಸಿಕ್ಕಿಸುವ ಈ ಟ್ಯಾಗ್ ಒಳ್ಳೆಯ ಸಾಧನ, ಬೆಲೆ ಮಾತ್ರ ಲಕ್ಷಗಳಲ್ಲಿ. ಆಳ, ಉಷ್ಣತೆ, ಬೆಳಕನ್ನು ದಾಖಲಿಸಿ, ನಿಗದಿತ ದಿನ ಪಿನ್ ಸವೆದು ಕಳಚಿ ತೇಲುತ್ತದೆ. ಆರ್ಗೋಸ್ ಉಪಗ್ರಹಕ್ಕೆ ಸಾರಾಂಶವಷ್ಟೇ ಕಳಿಸುತ್ತದೆ. ಪೂರ್ತಿ ದಾಖಲೆಗೆ ಟ್ಯಾಗೇ ಕೈಗೆ ಸಿಗಬೇಕು.

ಆಳದ ಲೆಕ್ಕ ನಂಬಬಹುದು, ಜಾಗದ ಲೆಕ್ಕ ಅಷ್ಟಕ್ಕಷ್ಟೇ. ಹಗಲಿನ ಉದ್ದದಿಂದ ಅಕ್ಷಾಂಶ ಊಹಿಸುವ ಕ್ರಮವಿದು. ಒಂದು ಡಿಗ್ರಿ ತಪ್ಪಿದರೆ 111 ಕಿ.ಮೀ., ಮಲ್ಪೆಯ ಮೀನು ಕಾಸರಗೋಡು ದಾಟಿರುತ್ತದೆ! ಹಗಲು-ರಾತ್ರಿ ಸಮವಾಗುವ ಮಾರ್ಚ್, ಸೆಪ್ಟೆಂಬರ್‌ನಲ್ಲಿ ಇನ್ನೂ ಕಷ್ಟ. ಟ್ಯಾಗನ್ನು ಮೀನಿಗೆ ಹಿಡಿದಿಡುವ ಮೊನೆಯಾದ ಡಾರ್ಟನ್ನು ಬೆನ್ನುರೆಕ್ಕೆಯ ಬುಡದ ಮುಳ್ಳುಗಳ ನಡುವೆ ಗಟ್ಟಿಯಾಗಿ ಕೂರಿಸದಿದ್ದರೆ ಅವಧಿಗೆ ಮೊದಲೇ ಉದುರುತ್ತದೆ. ಜೂನ್-ಜುಲೈಗೆ ಕಳಚುವ ದಿನ ಇಡಲೇಬೇಡಿ: ಅಲೆಗಳು ಆಂಟೆನಾ ಮುಳುಗಿಸುತ್ತವೆ, ಮೀನುಗಾರಿಕೆ ನಿಷೇಧದ ಕಾಲವಾದ್ದರಿಂದ ಹುಡುಕಲು ಟ್ರಾಲರೂ ಇರುವುದಿಲ್ಲ.